ಅರವತ್ತು ಕಿಲೋ ಭಾರಕ್ಕೆ ಒಂದು ಟನ್ನಿನ ಹಗ್ಗ ಹೇಗೆ ತುಂಡಾಯಿತು?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ. ಮನೆಗೂ ಅಡಿಕೆ ತೋಟಕ್ಕೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಬೋರ್ಡೋ ದ್ರಾವಣವನ್ನು ಆಚೆ ದಡಕ್ಕೆ ಮುಟ್ಟಿಸುವುದೇ ದೊಡ್ಡ ಕೆಲಸ. ಹೋದ ವರ್ಷ ಎರಡೂ ದಡದ ಮರಗಳ ನಡುವೆ ಸುಮಾರು 60 ಅಡಿ ಅಂತರಕ್ಕೆ ನೀಲಿ ನೈಲಾನ್ ಹಗ್ಗ ಕಟ್ಟಿ, ಅದರ ಮೇಲೆ ಪುಲ್ಲಿ ಓಡಿಸಿ, 30 ಲೀಟರಿನ ಎರಡು ಕ್ಯಾನುಗಳನ್ನು ಒಟ್ಟಿಗೆ ನೇತುಹಾಕಿ ಎಳೆದುಕೊಳ್ಳುತ್ತಿದ್ದೆವು. ಹಗ್ಗ ಜೋತುಬಿದ್ದು ಕ್ಯಾನು ನೀರಿಗೆ ತಾಗುತ್ತಿತ್ತು. ಈ ವರ್ಷ ಅದೇ ಹಗ್ಗವನ್ನು ಜೀಪಿನಿಂದ ಎಳೆಸಿ ಬಿಗಿಯಾಗಿ ಕಟ್ಟಿದೆವು. ಕ್ಯಾನು ನಡುಹಳ್ಳಕ್ಕೆ ಬಂದಾಗಲೂ ಹಗ್ಗ ಒಂದೂವರೆ ಅಡಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಮೂರನೇ ದಿನ ಅದು ಗಂಟಿನ ಹತ್ತಿರ ತುಂಡಾಯಿತು. ತುದಿ ಬೀಸಿ ಬಂದು ತಮ್ಮನ ಮುಂಗೈಗೆ ಬಡಿದು ಮೂಳೆ ಬಿರುಕು ಬಿಟ್ಟಿದೆ. ಒಂದು ಟನ್ ತಡೆಯುತ್ತದೆ ಎಂದು ಹೇಳಿ ಕೊಟ್ಟ ಹಗ್ಗ 60 ಕಿಲೋಗೆ ಹರಿದಿದ್ದು ಹೇಗೆ? ಅಂಗಡಿಯವರು ಮೋಸ ಮಾಡಿದರೇ? ಪಕ್ಕದ ಮನೆಯವರು "ಬಿಗಿ ಸಾಲಲಿಲ್ಲ, ಬಿಗಿಯಾದಷ್ಟೂ ಹಗ್ಗ ಗಟ್ಟಿ" ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಎರಡು ಕಡೆಯಿಂದಲೂ ಎಳೆತ ಇರುವುದರಿಂದ ಹಗ್ಗಕ್ಕೆ ಎರಡರಷ್ಟು ಭಾರ ಬೀಳುತ್ತದೆ. ಪಿಯುಸಿ ಓದುವ ಮಗಳು ಅದು ತಪ್ಪು ಎನ್ನುತ್ತಾಳೆ. ಈಗ ಉಕ್ಕಿನ ವೈರ್ ರೋಪ್ ಹಾಕಿಸೋಣ ಎಂದಿದ್ದೇವೆ. ಅದನ್ನು ಎಷ್ಟು ಬಿಗಿಯಬೇಕು? ಅದರಲ್ಲಿ ಜನರೂ ದಾಟಬಹುದೇ?

ಉತ್ತರ: ಮೊದಲು ನಿಮ್ಮ ತಮ್ಮನ ವಿಷಯ. ಹಗ್ಗದ ತುದಿ ಮುಂಗೈಗೆ ಬಡಿಯಿತು, ಮುಖಕ್ಕೆ ಬಡಿಯಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ಎಲ್ಲಕ್ಕಿಂತ ಮುಂಚೆ ಅನ್ನಿಸಿದ್ದು ಇದೇ. ಅವರು ಬೇಗ ಗುಣವಾಗಲಿ. ಹಗ್ಗ ಯಾಕೆ ಅಷ್ಟು ರಭಸದಿಂದ ಬಂತು ಎನ್ನುವುದನ್ನೂ ಮುಂದೆ ಹೇಳುತ್ತೇನೆ. ಯಾಕೆಂದರೆ ಹೊಸ ಹಗ್ಗ ಕಟ್ಟುವಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಅಂಗಡಿಯವರು ಮೋಸ ಮಾಡಿರುವ ಸಾಧ್ಯತೆ ಕಡಿಮೆ. ನಿಮ್ಮ ಹಗ್ಗ 60 ಕಿಲೋಗೆ ಹರಿಯಲಿಲ್ಲ. ಆ ಹೊತ್ತಿನಲ್ಲಿ ಅದರ ಮೇಲೆ ಇದ್ದದ್ದು ಸುಮಾರು 600 ಕಿಲೋ. ಅದನ್ನು ಅಲ್ಲಿಗೆ ತಂದದ್ದು ನೀವು ಮಾಡಿದ ಬಿಗಿ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಬಕೆಟ್ ನೀರಿನ ಹಿಡಿಯೊಳಗೆ ಟವೆಲ್ ತೂರಿಸಿ, ನೀವೂ ಮಗಳೂ ಆಚೀಚೆ ತುದಿ ಹಿಡಿದು ಎತ್ತಿ. ಇಬ್ಬರೂ ಹತ್ತಿರ ನಿಂತಾಗ ಬಕೆಟ್ ಹಗುರ. ಈಗ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಟವೆಲ್ ನೆಟ್ಟಗಾಗುತ್ತಾ ಹೋದಂತೆ ಕೈ ಸೋಲುತ್ತದೆ. ಇಬ್ಬರೂ ಬಕೆಟ್ಟಿನ ಕಡೆಗೆ ಎಳೆಸಿಕೊಳ್ಳುತ್ತೀರಿ. ಟವೆಲ್ಲನ್ನು ಪೂರ್ತಿ ನೆಟ್ಟಗೆ ಮಾಡಲು ಹೋದರೆ ಎಂಥ ಬಲಶಾಲಿಗಳಿಂದಲೂ ಆಗದು. ಬಕೆಟ್ಟಿನ ತೂಕ ಹೆಚ್ಚಾಗಲಿಲ್ಲ. ಬದಲಾದದ್ದು ಟವೆಲ್ಲಿನ ಓರೆ ಮಾತ್ರ.

ಹಗ್ಗ ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ ಎಳೆಯಬಲ್ಲದು. ತಳ್ಳಲಾರದು, ಅಡ್ಡಕ್ಕೆ ಎತ್ತಲಾರದು. ಆದರೆ ಕ್ಯಾನನ್ನು ಹಿಡಿದು ನಿಲ್ಲಿಸಲು ಬೇಕಾದದ್ದು ಮೇಲ್ಮುಖ ಬಲ. ಓರೆಯಾಗಿರುವ ಹಗ್ಗದ ಎಳೆತದಲ್ಲಿ ಒಂದು ಪಾಲು ಮಾತ್ರ ಮೇಲಕ್ಕೆ ಕೆಲಸ ಮಾಡುತ್ತದೆ, ಉಳಿದದ್ದೆಲ್ಲ ಎರಡು ಮರಗಳನ್ನು ಒಂದರ ಕಡೆಗೊಂದು ಎಳೆಯುವುದರಲ್ಲೇ ಮುಗಿಯುತ್ತದೆ. ನಿಮ್ಮ ಅಳತೆಯನ್ನೇ ಹಾಕಿ ನೋಡೋಣ. ಹಳ್ಳದ ನಡುವಿನಿಂದ ಒಂದು ಮರಕ್ಕೆ 30 ಅಡಿ. ಅಷ್ಟು ದೂರದಲ್ಲಿ ಹಗ್ಗ ಏರಿದ್ದು ಒಂದೂವರೆ ಅಡಿ. ಅಂದರೆ 20 ಅಡಿ ಅಡ್ಡಕ್ಕೆ ಹೋದರೆ ಒಂದು ಅಡಿ ಮೇಲಕ್ಕೆ. ಎಳೆತವೂ ಇದೇ ಲೆಕ್ಕದಲ್ಲಿ ಪಾಲಾಗುತ್ತದೆ, 20 ಕಿಲೋ ಎಳೆದರೆ 1 ಕಿಲೋ ಎತ್ತುತ್ತದೆ. ಆಚೆ ಅರ್ಧ 30 ಕಿಲೋ, ಈಚೆ ಅರ್ಧ 30 ಕಿಲೋ ಎತ್ತಬೇಕು. 30ನ್ನು 20ರಿಂದ ಗುಣಿಸಿ. 600 ಕಿಲೋ.

ಹೋದ ವರ್ಷ ಜೋತುಬಿದ್ದಿತ್ತು ಎಂದಿದ್ದೀರಿ. ಆರು ಅಡಿ ಇಳಿದಿತ್ತು ಎಂದಿಟ್ಟುಕೊಳ್ಳಿ. ಆಗ 5 ಅಡಿಗೆ ಒಂದು ಅಡಿ ಏರು, ಎಳೆತ ಸುಮಾರು 150 ಕಿಲೋ. ನೋಡಲು ಸೋತಂತೆ ಕಾಣುತ್ತಿದ್ದ ಆ ಹಗ್ಗ ನಿಜಕ್ಕೂ ಹಾಯಾಗಿತ್ತು. ಇನ್ನೂ ಬಿಗಿದು ಒಂದೇ ಅಡಿಗೆ ತಂದಿದ್ದರೆ 900 ಕಿಲೋ ಆಗುತ್ತಿತ್ತು. ನೆನಪಿಟ್ಟುಕೊಳ್ಳಲು ಒಂದು ಸೂತ್ರ: ಭಾರವನ್ನು ಅಂತರದಿಂದ ಗುಣಿಸಿ, ಜೋಲಿನ (ಹಗ್ಗ ನಡುವಿನಲ್ಲಿ ಇಳಿದ ಅಳತೆಯ) ನಾಲ್ಕರಷ್ಟರಿಂದ ಭಾಗಿಸಿ. ಭಾರ ನಡುವಿನಲ್ಲಿದ್ದಾಗ, ಜೋಲು ತೀರಾ ಆಳವಿಲ್ಲದಾಗ ಇದು ಸಾಕಷ್ಟು ಸರಿಯಾದ ಉತ್ತರ ಕೊಡುತ್ತದೆ. ಜೋಲು ಅಂತರದ ಹತ್ತನೇ ಒಂದು ಭಾಗವಿದ್ದರೆ ಎಳೆತ ಭಾರದ ಎರಡೂವರೆ ಪಟ್ಟು.

ಹಾಗಾಗಿ "ಬಿಗಿಯಾದಷ್ಟೂ ಗಟ್ಟಿ" ಎಂಬುದು ತಲೆಕೆಳಗಾದ ಮಾತು. ಹಾಗೆ ಅನ್ನಿಸಲು ಕಾರಣವಿದೆ. ಬಿಗಿದ ಹಗ್ಗ ಕೈಗೆ ಸಲಾಕೆಯಂತೆ ಸಿಗುತ್ತದೆ, ಅಲುಗುವುದಿಲ್ಲ. ಅಲುಗದ್ದನ್ನು ಗಟ್ಟಿ ಎಂದು ನಂಬುವುದು ನಮ್ಮೆಲ್ಲರ ಅಭ್ಯಾಸ. ಆದರೆ ತೂಗುಸೇತುವೆಗಳನ್ನು ನೋಡಿ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು, ಮುಂದೆ ಅಂಥ ಎಷ್ಟೋ ಸೇತುವೆಗಳನ್ನು ಕಟ್ಟಿ ಊರು ಊರು ಜೋಡಿಸಿದರು. ಅಂಥ ಸೇತುವೆಯಲ್ಲಿ ಕಂಬದಿಂದ ಕಂಬಕ್ಕೆ ಕೇಬಲ್ ನೆಟ್ಟಗೆ ಹೋಗುವುದಿಲ್ಲ, ಇಳಿದು ಏರುತ್ತದೆ. ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯ ನಡುವಿನ ಅಂತರ 1280 ಮೀಟರ್, ಕೇಬಲ್ಲಿನ ಜೋಲು 143 ಮೀಟರ್, ಅಂದರೆ ಒಂಬತ್ತನೇ ಒಂದು ಭಾಗ. ಉಕ್ಕಿನಲ್ಲಿ ಕಟ್ಟುವವರೂ ಇಷ್ಟು ಜೋಲು ಬಿಡುತ್ತಾರೆ. ನಿಮ್ಮದು ನಲವತ್ತನೇ ಒಂದು ಭಾಗವಿತ್ತು.

ಸರಿ, 600 ಕಿಲೋ ಎಂದರೂ ಒಂದು ಟನ್ನಿಗೆ ಕಡಿಮೆಯೇ ತಾನೇ ಎಂದು ನೀವು ಕೇಳಬಹುದು. ಆ ಒಂದು ಟನ್ ಎಂಬುದು ಹೊಸ ಹಗ್ಗ, ಗಂಟಿಲ್ಲದೆ, ನಿಧಾನವಾಗಿ, ನೇರವಾಗಿ ಎಳೆದಾಗ ತುಂಡಾಗುವ ಮಿತಿ. ಬಳಸಬಹುದಾದ ಮಿತಿ ಅಲ್ಲ. ನಮ್ಮ ಕೆಲಸದಲ್ಲಿ ಸಾಮಾನು ಎತ್ತಲು ಹೆಚ್ಚೆಂದರೆ ಐದರಲ್ಲಿ ಒಂದು ಭಾಗ, ಮನುಷ್ಯರ ಜೀವ ಅದರ ಮೇಲಿದ್ದರೆ ಹತ್ತರಲ್ಲಿ ಒಂದು ಭಾಗ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಗಂಟು ಬೇರೆ. ಗಂಟಿನೊಳಗೆ ಹಗ್ಗ ಚೂಪಾಗಿ ಬಾಗುತ್ತದೆ, ಹೊರಮೈಯ ಎಳೆಗಳು ಬಹುಪಾಲು ಭಾರ ಹೊತ್ತುಕೊಳ್ಳುತ್ತವೆ, ಒಳಗಿನವು ಸುಮ್ಮನೆ ಮುದುಡಿಕೊಂಡಿರುತ್ತವೆ. ಸಾಮಾನ್ಯ ಗಂಟು ಹಗ್ಗದ ಶಕ್ತಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅಂದರೆ ನಿಮ್ಮ ಒಂದು ಟನ್ 500-600 ಕಿಲೋ ಆಗಿಯೇ ಕೆಲಸ ಶುರು ಮಾಡಿತ್ತು. ಅದರ ಮೇಲೆ ಒಂದು ವರ್ಷದ ಬಿಸಿಲು. ಅದರ ಮೇಲೆ ಪುಲ್ಲಿ ಒಮ್ಮೆ ಸಿಕ್ಕಿಕೊಂಡು ಜಗ್ಗಿದಾಗ ಆಗುವ ಹೊಡೆತ. ಭಾರವನ್ನು ಒಮ್ಮೆಲೇ ಬಿಟ್ಟರೆ ಅದು ತನ್ನ ತೂಕದ ಎರಡರಷ್ಟಾಗಿ ಎಳೆಯಬಲ್ಲದು. ಹರಿದದ್ದು ಗಂಟಿನ ಹತ್ತಿರ ಎಂದು ನೀವೇ ಬರೆದಿದ್ದೀರಿ. ಮೂರು ದಿನ ತಡೆದದ್ದೇ ಆ ಹಗ್ಗದ ಒಳ್ಳೆಯತನ.

ಇನ್ನೊಂದು ಮಾತು. ನೀಲಿ ಹಗ್ಗ ಎಂದಿರಿ. ನಮ್ಮ ಪೇಟೆಗಳಲ್ಲಿ ನೈಲಾನ್ ಎಂದು ಕರೆದು ಮಾರುವ ಬಣ್ಣದ ಹಗ್ಗಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನವು. ಒಂದು ತುಣುಕಿನ ಎಳೆ ಬಿಡಿಸಿ ನೀರಿಗೆ ಹಾಕಿ. ತೇಲಿದರೆ ಅದು ನೈಲಾನ್ ಅಲ್ಲ, ನೈಲಾನ್ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಮಳೆಗೆ ಅಂಜುವುದಿಲ್ಲ, ಬಿಸಿಲಿಗೆ ಅಂಜುತ್ತದೆ. ಮುಟ್ಟಿದರೆ ಪುಡಿ ಉದುರುತ್ತಿದ್ದರೆ, ಎಳೆಗಳು ಮುಳ್ಳಿನಂತೆ ಎದ್ದಿದ್ದರೆ ಅದರ ಆಯುಸ್ಸು ಮುಗಿದಂತೆ. ಸುಮಾರು 165 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವುದರಿಂದ ಎಳೆತದಲ್ಲಿ ಹಗ್ಗ ಹಗ್ಗಕ್ಕೆ ಉಜ್ಜಿದರೂ ಹಾನಿ. ಮಳೆಗೆ ಹಗ್ಗ ಬಿಗಿಯುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಸೆಣಬು, ಹತ್ತಿಯ ಹಗ್ಗಗಳು ನೀರು ಕುಡಿದು ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತವೆ. ನಿಮ್ಮ ಹಗ್ಗಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಈಗ ನಿಮಗೂ ಮಗಳಿಗೂ ಇರುವ ವಾದ. ಮಗಳು ಹೇಳಿದ್ದು ಸರಿ. ಹಗ್ಗದ ಒಂದು ತುದಿಯನ್ನು ಮರಕ್ಕೆ ಕಟ್ಟಿ ನೀವು 50 ಕಿಲೋ ಬಲದಿಂದ ಎಳೆದರೆ ಹಗ್ಗದಲ್ಲಿ 50 ಕಿಲೋ ಎಳೆತ. ಹಗ್ಗ ನಿಮ್ಮ ಕಡೆಗೆ ಓಡಿಬರುತ್ತಿಲ್ಲ ಎಂದರೆ ಮರವೂ ಆ ಕಡೆಗೆ 50 ಕಿಲೋ ಎಳೆಯುತ್ತಿದೆ ಎಂದೇ ಅರ್ಥ. ಮರ ಸುಮ್ಮನೆ ನಿಂತಂತೆ ಕಾಣುತ್ತದೆ, ಅಷ್ಟೆ. ಈಗ ಮರದ ಜಾಗದಲ್ಲಿ ನಿಮ್ಮ ತಮ್ಮ ನಿಂತು 50 ಕಿಲೋ ಎಳೆದರೂ ಹಗ್ಗಕ್ಕೆ ಏನೂ ವ್ಯತ್ಯಾಸ ತಿಳಿಯದು. ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರೆ ಎರಡೂ ಸಲ 50 ಎಂದೇ ತೋರಿಸುತ್ತದೆ. 1657ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಓಟ್ಟೊ ಫಾನ್ ಗೆರಿಕೆ ಗಾಳಿ ತೆಗೆದ ಲೋಹದ ಎರಡು ಅರ್ಧಗೋಳಗಳನ್ನು ಬಿಡಿಸಲು ಒಂದೊಂದು ಕಡೆಗೆ ಎಂಟರಂತೆ 16 ಕುದುರೆಗಳನ್ನು ಹೂಡಿದರು. ಒಂದು ಕಡೆಯನ್ನು ದಪ್ಪ ಮರಕ್ಕೆ ಕಟ್ಟಿ ಎಂಟೇ ಕುದುರೆ ಹೂಡಿದ್ದರೂ ಎಳೆತ ಅಷ್ಟೇ ಇರುತ್ತಿತ್ತು. ನೋಡುವವರ ಕಣ್ಣಿಗೆ 16 ಕುದುರೆ ದೊಡ್ಡದಾಗಿ ಕಂಡಿರಬೇಕು.

ನಿಮ್ಮ ಅನುಮಾನಕ್ಕೂ ಒಂದು ನೆಲೆ ಇದೆ. ಎರಡರಷ್ಟಾಗುವ ಜಾಗ ಒಂದಿದೆ, ಅದು ಹಗ್ಗವಲ್ಲ, ರಾಟೆಯ ಕೊಕ್ಕೆ. ಬಾವಿಯಿಂದ 15 ಕಿಲೋ ಕೊಡ ಸೇದುವಾಗ ಹಗ್ಗದಲ್ಲಿ 15 ಕಿಲೋ. ಆದರೆ ರಾಟೆಯನ್ನು ಆಚೆ ಕೊಡ ಎಳೆಯುತ್ತದೆ, ಈಚೆ ನೀವು ಎಳೆಯುತ್ತೀರಿ, ಹಾಗಾಗಿ ಅಡ್ಡತೊಲೆ 30 ಕಿಲೋ ಹೊರುತ್ತದೆ. ಮರಕ್ಕೆ ಪುಲ್ಲಿ ಕಟ್ಟಿ ಜೀಪಿನ ಹಗ್ಗವನ್ನು ಹಿಂದಕ್ಕೆ ತಿರುಗಿಸಿಕೊಳ್ಳುವವರು ಇದನ್ನು ಮರೆಯಬಾರದು. ಆ ಮರಕ್ಕೆ ಜೀಪಿನ ಎಳೆತದ ಎರಡರಷ್ಟು ಬೀಳುತ್ತದೆ.

ಹಗ್ಗಜಗ್ಗಾಟದಲ್ಲಿ ಈ ಲೆಕ್ಕ ಮರೆತರೆ ಏನಾಗುತ್ತದೆ ಎಂಬುದಕ್ಕೆ 1997ರ ತೈಪೆ ಸಾಕ್ಷಿ. 1600ಕ್ಕೂ ಹೆಚ್ಚು ಜನ ಒಂದೇ ಹಗ್ಗ ಹಿಡಿದು ಎಳೆದರು, ಹಗ್ಗ ತುಂಡಾಯಿತು, ಇಬ್ಬರ ತೋಳು ಕಿತ್ತುಬಂತು. ವೈದ್ಯರು ಮರಳಿ ಜೋಡಿಸಿದರು. ಒಂದು ಕಡೆಯ ಅಷ್ಟೂ ಜನರ ಬಲವನ್ನು ನಡುವಿನ ಆ ಒಂದು ತುಂಡು ಹೊರಬೇಕು. ಶಾಲೆಯ ಆಟದಲ್ಲಿ ಮಕ್ಕಳು ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳುವುದನ್ನು ಕಂಡರೆ ದಯವಿಟ್ಟು ಬಿಡಿಸಿ.

ಇನ್ನು ಆ ಹೊಡೆತದ ಮಾತು. ಬಿಗಿದ ಹಗ್ಗ ಎಂದರೆ ಎಳೆದು ಹಿಡಿದ ರಬ್ಬರ್. ಜೀಪು ಎಳೆದಾಗ ನಿಮ್ಮ ಹಗ್ಗ ಐದು ಅಡಿ ಹಿಗ್ಗಿತ್ತು ಎಂದುಕೊಂಡರೆ, 600 ಕಿಲೋ ಎಳೆತದಲ್ಲಿ ಅದರೊಳಗೆ ಕೂಡಿದ ಶಕ್ತಿ, ಒಂದು ಸಿಮೆಂಟ್ ಚೀಲ 30 ಅಡಿ ಮೇಲಿಂದ ಬಿದ್ದಷ್ಟು. ತುಂಡಾದ ಗಳಿಗೆಯಲ್ಲಿ ಅಷ್ಟೂ ಶಕ್ತಿ ತುದಿಯ ಓಟವಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಘಟ್ಟದ ಒಂದು ಜಲವಿದ್ಯುತ್ ಕಾಮಗಾರಿಯಲ್ಲಿ ದಪ್ಪ ಪೈಪನ್ನು ಇಳಿಜಾರಿನಲ್ಲಿ ಎಳೆಸುತ್ತಿದ್ದೆವು. ನಾನು ವೈರ್ ರೋಪಿನ ಪಕ್ಕದಲ್ಲೇ ನಿಂತು ಅಳತೆ ಬರೆದುಕೊಳ್ಳುತ್ತಿದ್ದೆ. ಖಲಾಸಿ ಮೇಸ್ತ್ರಿ ಏನೂ ಹೇಳದೆ ನನ್ನ ತೋಳು ಹಿಡಿದು ದೂರ ಎಳೆದು ನಿಲ್ಲಿಸಿದರು. ಆಮೇಲೆ ರೋಪಿನ ನಡುವೆ ಒದ್ದೆ ಗೋಣಿಚೀಲಗಳನ್ನು ಹೊದೆಸಿದರು. ಅರ್ಧ ಗಂಟೆಯ ಮೇಲೆ ರೋಪು ಹರಿಯಿತು. ಗೋಣಿಚೀಲಗಳ ಭಾರಕ್ಕೆ ಅದು ನೆಲಕ್ಕೆ ಬಿತ್ತು. ನಾನು ನಿಂತಿದ್ದ ಜಾಗದ ಗಿಡಗಳು ಮಾತ್ರ ಕತ್ತಿಯಲ್ಲಿ ಸವರಿದಂತೆ ಆಗಿದ್ದವು. ಅಂದಿನಿಂದ ಬಿಗಿಯುತ್ತಿರುವ ಯಾವ ಹಗ್ಗದ ಜಾಡಿನಲ್ಲೂ ನಾನು ನಿಂತಿಲ್ಲ. ಎರಡು ತುದಿಗಳ ಹಿಂದೆ, ನೇರ ಸಾಲಿನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ.

ಈಗ ಮುಂದೇನು? ಉಕ್ಕಿನ ರೋಪು ಹಾಕಬೇಡಿ ಎನ್ನುವುದಿಲ್ಲ. ಆದರೆ ಈ ವರ್ಷದಂತೆಯೇ ಬಿಗಿದರೆ ಕಷ್ಟ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಪ್ಲಾಸ್ಟಿಕ್ ಹಗ್ಗ ಭಾರ ಬಿದ್ದಾಗ ಹಿಗ್ಗಿ ತಾನೇ ಜೋಲು ಮಾಡಿಕೊಳ್ಳುತ್ತದೆ, ತನ್ನನ್ನು ತಾನು ಸ್ವಲ್ಪ ಕಾಪಾಡಿಕೊಳ್ಳುತ್ತದೆ. ಉಕ್ಕು ಹಾಗೆ ಹಿಗ್ಗುವುದಿಲ್ಲ. ಕ್ಯಾನು ನಡುವಿಗೆ ಬಂದಾಗ ಮುಕ್ಕಾಲು ಅಡಿ ಮಾತ್ರ ಇಳಿಯಿತು ಎನ್ನಿ, ಎಳೆತ 1200 ಕಿಲೋ. 8 ಮಿಲಿಮೀಟರ್ ವೈರ್ ರೋಪ್ ತುಂಡಾಗುವುದು ಮೂರು ಟನ್ನಿನ ಆಸುಪಾಸಿನಲ್ಲಿ, ಹಾಗಾಗಿ ಅದು ತಡೆದುಕೊಳ್ಳಬಹುದು. ಹಳ್ಳದ ದಂಡೆಯಲ್ಲಿ, ಮಳೆಗೆ ನೆನೆದು ಸಡಿಲವಾದ ಮಣ್ಣಿನಲ್ಲಿ ನಿಂತ ಮರ ಅದನ್ನು ತಡೆಯುತ್ತದೆಯೇ? ಹಗ್ಗ ಹರಿಯುವ ಬದಲು ಮರ ಬುಡಮೇಲಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಹಗ್ಗವನ್ನು ಬಿಗಿಯುವ ಬದಲು ಮೇಲಕ್ಕೆ ಏರಿಸುತ್ತಿದ್ದೆ. ಕ್ಯಾನು ನೀರಿಗೆ ತಾಗುವುದು ನಿಮ್ಮ ಮೂಲ ತೊಂದರೆ, ಅದಕ್ಕೆ ಎತ್ತರ ಪರಿಹಾರ. ಎರಡೂ ದಡದಲ್ಲಿ ಕಟ್ಟುವ ಜಾಗವನ್ನು ಐದಾರು ಅಡಿ ಏರಿಸಿ, ಭಾರ ಹೊತ್ತಾಗ ಆರು ಅಡಿ ಜೋಲು ಬರುವಂತೆ ಬಿಡಿ. ಎಳೆತ 150 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಎತ್ತರದಲ್ಲಿ ಕಟ್ಟಿದಷ್ಟೂ ಮರವನ್ನು ಬಗ್ಗಿಸುವ ಸನ್ನೆ ಉದ್ದವಾಗುತ್ತದೆ, ಹಾಗಾಗಿ ಅದೇ ಎತ್ತರದಿಂದ ಹಿಂದಕ್ಕೆ ಇನ್ನೊಂದು ಮರದ ಬುಡಕ್ಕೆ ಸ್ಟೇ ಎಳೆಯಿರಿ. ವಿದ್ಯುತ್ ಕಂಬಕ್ಕೆ ಹಾಕುತ್ತಾರಲ್ಲ, ಹಾಗೆ. ಹಲಸು, ಮಾವಿನಂಥ ದಪ್ಪ ಮರ ಬೇಕು. ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಅದು ಗಾಳಿಗೆ ಬಾಗಿ ಬದುಕುವ ಮರ, ಅಡ್ಡ ಎಳೆತ ತಡೆಯುವ ಮರವಲ್ಲ.

ಕ್ಯಾನುಗಳನ್ನು ಒಂದೊಂದಾಗಿ ಕಳಿಸಿ. ಜೋಲು ಬಿಟ್ಟ ಹಗ್ಗದಲ್ಲಿ ಭಾರ ಅರ್ಧವಾದರೆ ಎಳೆತವೂ ಅರ್ಧವಾಗುತ್ತದೆ. ಬಿಗಿದ ಹಗ್ಗದಲ್ಲಿ ಈ ಲಾಭ ಪೂರ್ತಿ ಸಿಗುವುದಿಲ್ಲ. ಅಲ್ಲಿ ಕ್ಯಾನು ಹತ್ತುವ ಮುಂಚೆಯೇ ಜೀಪಿನ ಎಳೆತ ಒಳಗೆ ಕೂತಿರುತ್ತದೆ.

ಗಂಟಿನ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬ ಇಷ್ಟವಾದ ಉಪಾಯ, ಖರ್ಚೂ ಇಲ್ಲ. ಮರಕ್ಕೆ ನೇರವಾಗಿ ಗಂಟು ಹಾಕಬೇಡಿ. ತೊಗಟೆಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಹಗ್ಗವನ್ನು ಒಂದರ ಪಕ್ಕ ಒಂದು ಕೂರುವಂತೆ ಸುತ್ತಿ, ಕೊನೆಯ ತುದಿಗೆ ಮಾತ್ರ ಗಂಟು ಹಾಕಿ. ಪ್ರತಿ ಸುತ್ತಿನಲ್ಲೂ ಘರ್ಷಣೆ ಎಳೆತವನ್ನು ತಿನ್ನುತ್ತಾ ಹೋಗುತ್ತದೆ. ಘರ್ಷಣಾಂಕ (ಹಗ್ಗಕ್ಕೂ ಮರಕ್ಕೂ ನಡುವಿನ ಹಿಡಿತದ ಅಳತೆ) 0.3 ಎಂದು ಹಿಡಿದರೆ ಒಂದು ಸುತ್ತಿಗೆ ಎಳೆತ ಆರೂವರೆ ಪಟ್ಟು ಇಳಿಯುತ್ತದೆ, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 280 ಪಟ್ಟಿಗೂ ಹೆಚ್ಚು. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಹಳ್ಳದ ಮೇಲೆ 150 ಕಿಲೋ ಇರುವ ಎಳೆತ ಮೂರು ಸುತ್ತು ದಾಟಿ ಗಂಟಿಗೆ ಮುಟ್ಟುವಾಗ ಅರ್ಧ ಕಿಲೋ ಆಗಿರುತ್ತದೆ. ಗಂಟೇ ದುಡಿಯದಿದ್ದರೆ ಗಂಟಿನಲ್ಲಿ ಹರಿಯುವ ಮಾತೇ ಇಲ್ಲ, ಹಗ್ಗದ ಶಕ್ತಿ ಬಹುಪಾಲು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಮಳೆಗೆ ನೆನೆದಾಗ ಹಿಡಿತ ಕಡಿಮೆ ಆಗುವುದರಿಂದ ನಾಲ್ಕು ಸುತ್ತು ಹಾಕಿ. ದಪ್ಪ ದಿಮ್ಮಿಯನ್ನು ಒಬ್ಬನೇ ಆಳು ಮರಕ್ಕೆ ಹಗ್ಗ ಸುತ್ತಿ ನಿಧಾನವಾಗಿ ಇಳಿಸುವುದನ್ನು ನೀವು ಕಂಡಿರಬಹುದು. ಅದೇ ಲೆಕ್ಕ.

ಹಗ್ಗ 14 ಮಿಲಿಮೀಟರ್‌ನದು ತನ್ನಿ. ಒಳ್ಳೆಯ ತಯಾರಿಕೆಯ ಹೊಸ ಪಾಲಿಪ್ರೊಪಿಲೀನ್ ಹಗ್ಗ ಆ ದಪ್ಪದಲ್ಲಿ ಎರಡು ಟನ್ನಿಗೂ ಮೇಲೆ ತಡೆಯುತ್ತದೆ. ಔಷಧಿ ಹೊಡೆದು ಮುಗಿದ ಮೇಲೆ ಬಿಚ್ಚಿ ಒಳಗಿಡಿ. ವೈರ್ ರೋಪೇ ಬೇಕೆಂದರೆ ಜೋಲಿನ ಅಳತೆ ಇದೇ ಇರಲಿ, ತುದಿಗೆ ಗಂಟು ಹಾಕದೆ ಕನಿಷ್ಠ ಮೂರು ಯು ಕ್ಲಾಂಪ್ ಹಾಕಿಸಿ. ಕ್ಲಾಂಪಿನ ಯು ಕಂಬಿ ಮಡಚಿದ ಸಣ್ಣ ತುದಿಯ ಮೇಲೆ, ಅಗಲದ ತಡಿ ಭಾರ ಹೊರುವ ಉದ್ದ ರೋಪಿನ ಮೇಲೆ ಕೂರಬೇಕು. ತಿರುಗುಮುರುಗು ಹಾಕಿದರೆ ಯು ಕಂಬಿ ಭಾರ ಹೊರುವ ರೋಪನ್ನೇ ಕಚ್ಚಿ ಹಾಳುಮಾಡುತ್ತದೆ. ಇದನ್ನು ಬಲ್ಲವರಿಂದಲೇ ಮಾಡಿಸಿ.

ಜನ ದಾಟಬಹುದೇ ಎಂದಿರಿ. ಬೇಡ. ಕ್ಯಾನು ಅಲ್ಲಾಡದೆ ಕೂರುತ್ತದೆ, ಮನುಷ್ಯ ಜೋಲಿ ಹೊಡೆಯುತ್ತಾನೆ, ಗಾಬರಿಯಾದರೆ ಜಗ್ಗುತ್ತಾನೆ, ಕೆಳಗೆ ಮಳೆಗಾಲದ ಹಳ್ಳ. ಹತ್ತು ಪಟ್ಟು ಭದ್ರತೆಯ ಹಗ್ಗ, ಎಂಜಿನಿಯರ್ ನೋಡಿದ ಬುಡ, ಸೊಂಟಕ್ಕೆ ಬೇರೆಯದೇ ಪಟ್ಟಿ ಇಲ್ಲದೆ ನಾನು ಯಾರನ್ನೂ ಹತ್ತಿಸುವುದಿಲ್ಲ. ಒಂದು ಸಲ ಮಗು ಹತ್ತಿದರೆ ಆಮೇಲೆ ಊರಿನ ಮಕ್ಕಳೆಲ್ಲ ಹತ್ತುತ್ತಾರೆ. ದಾಟಲು ಕಾಲುಸಂಕವೇ ಬೇಕು, ಪಂಚಾಯಿತಿಗೆ ಅರ್ಜಿ ಕೊಡಿ.

ಹರಿದ ಹಗ್ಗವನ್ನು ಗಂಟು ಹಾಕಿ ಜೋಡಿಸಿ ಮತ್ತೆ ಭಾರಕ್ಕೆ ಬಳಸಬೇಡಿ. ಅದರ ಉಳಿದ ಎಳೆಗಳೂ ಅದೇ ಎಳೆತ ತಿಂದಿವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಇಡಿಯಾಗಿ ಇಟ್ಟರೆ ಮುಂದಿನ ವರ್ಷ ಯಾರೋ ತಿಳಿಯದೆ ಬಾವಿಗೋ ಜೀಪಿಗೋ ಕಟ್ಟುತ್ತಾರೆ. ಆರಾರು ಅಡಿಗೆ ಕತ್ತರಿಸಿಬಿಡಿ, ಹುಲ್ಲಿನ ಹೊರೆ ಕಟ್ಟಲು ಆಗುತ್ತದೆ.